ಕರಿ-ಬಿಳಿ ಪಟ್ಟಿಯ ಅಂಗೆರ್

ಶುಭಕಾರ್ಯಕ್ಕ ಕರಿ ಬಟ್ಟಿ ಬ್ಯಾಡ ಅನ್ನೋರು ನಮ್ಮ ಕಡೆ ಭಾಳ ಮಂದಿ. ಸಂಕ್ರಾಂತಿಗೆ ಚಂದ್ರಕಾಳಿ ಸೀರಿಗೆ ಮಾತ್ರ ಮಾಫಿ! ನೈಜೀರಿಯಾದ ಬೆನುವೆ ರಾಜ್ಯದ ತಿವ್ ಮಂದೀನ ನೋಡ್ರಿ, ಅವ್ರಿಗೆ ಮದವಿಗೆ ಕರಿ-ಬಿಳಿ ಪಟ್ಟಿಯ ಅಂಗೆರ್ ಬಟ್ಟೀನ ಬೇಕು. ಹಬ್ಬಕ್ಕೂ ಅದನ್ನ ಉಡತಾರ, ಸತ್ತವ್ರ ಮನಿಗೂ ಅದನ್ನ ಉಟ್ಟು ಹೋಗತಾರ. ದೊಡ್ಡವ್ರು ಊರಿಗೆ ಬಂದ್ರ ಅದನ್ನ ಹೊದಿಸಿ ಸನ್ಮಾನ ಮಾಡ್ತಾರ.

ನಮ್ಮ ಸೀರಿಹಂಗ ಅದನ್ನ ಪೂರಾ ಅಗಲಕ್ಕ ನೇಯೂದಿಲ್ಲ. ಸಣ್ಣ ಮಗ್ಗದಾಗ ಗೇಣಿಗಿಂತ ಕಮ್ಮಿ ಅಗಲದ ಉದ್ದನ ಪಟ್ಟಿ ನೇಯ್ದು, ಅಂಚಿಗೆ ಅಂಚು ಹೊಲದು ದೊಡ್ಡ ಬಟ್ಟಿ ಮಾಡ್ತಾರ. ಕೌದಿ ಹೊಲದವ್ರಿಗೆ ಗೊತ್ತು ಅಂಚು ಕೂಡಿಸೂದು ಎಂಥಾ ತ್ರಾಸಿನ ಕೆಲಸ ಅಂತ. ಒಂದು ಪಟ್ಟಿ ಜಗ್ಗಿದ್ರ ಇನ್ನೊಂದು ಸುಕ್ಕು.

ಈಗ ಅದೇ ಪಟ್ಟೀನ ಮಿಲ್ ಬಟ್ಟಿ ಮ್ಯಾಲೆ ಅಚ್ಚು ಒತ್ತಿ ಮಾರ್ತಾರ. ಅಗ್ಗ ಸಿಗತದ, ಹಗರ ಇರತದ, ಒಗಿಯೂದೂ ಸರಳ. ಬಡವ್ರ ಮಕ್ಕಳೂ ತಮ್ಮವ್ರ ಗುರುತು ಮೈಮ್ಯಾಲೆ ಹಾಕ್ಕೊಳ್ಳಿ, ನಂಗ ಅದರಾಗ ತಪ್ಪು ಕಾಣೂದಿಲ್ಲ. ಬೈಯೋರು ಬೇಕಾದ್ರ ಕೈಮಗ್ಗದ ದಪ್ಪ ಬಟ್ಟಿ ದಿನಾ ಒಗದು ನೋಡ್ಲಿ.

ನನ್ನ ತಕರಾರು ಹೆಸರಿಂದು. ಎರಡಕ್ಕೂ ಅಂಗೆರ್ ಅಂತನ ಕರದ್ರ, ಕೊಳ್ಳಲಿಕ್ಕೆ ಬಂದಾಕಿ ಕಮ್ಮಿ ರೊಕ್ಕದ್ದನ್ನ ತಗೋತಾಳ. ಮ್ಯಾಲೆ ನೇಯ್ದವನಿಗೆ "ಯಾಕಪಾ ಇಷ್ಟ ತುಟ್ಟಿ?" ಅಂತ ಬೈತಾಳ. ಅಚ್ಚಿಂದಕ್ಕ ಅಚ್ಚಿನ ಬಟ್ಟಿ ಅಂತ ಹೇಳೇ ಮಾರಬೇಕು. ಇನ್ನ ಮದವಿಗೆ, ಸನ್ಮಾನಕ್ಕ, ರೊಕ್ಕ ಇದ್ದವ್ರು ನೇಯ್ದದ್ದನ್ನ ಕೊಳ್ಳಬೇಕು. ಊಟಕ್ಕ, ಮಂಟಪಕ್ಕ ಸುರಿಯೋವಾಗ ಕೇಳದ ಲೆಕ್ಕ ನೇಕಾರನ ಮುಂದ ಮಾತ್ರ ಯಾಕ್ರಿ?