ಪಾಸ್‌ಬುಕ್ಕಿನಲ್ಲಿ ಯಾರ ಹೆಸರು?

ನಮ್ಮ ಸಂಘದ ಕಳೆದ ಚುನಾವಣೆಯ ದಿನ ಪಕ್ಕದ ಮನೆಯ ಅಕ್ಕ ಸಾಲಿನಲ್ಲಿ ನಿಂತು, ಓಟು ಹಾಕದೆ ವಾಪಸು ಬಂದರು. ಹನ್ನೊಂದು ವರ್ಷದಿಂದ ಎರಡು ಹೊತ್ತೂ ಡೇರಿಗೆ ಹಾಲು ತರುವವರು ಅವರೇ. ಆದರೆ ಷೇರು ಗಂಡನ ಹೆಸರಿನಲ್ಲಿದೆ, ಆತ ಅಂದು ಊರಲ್ಲಿರಲಿಲ್ಲ. "ಹಸುವಿಗೆ ನನ್ನ ಗುರುತಿದೆ, ಪಟ್ಟಿಗಿಲ್ಲವಂತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಂಗಳೂರಿನ ಒಂದು ಹಳೆಯ ಚುನಾವಣೆ ನೆನಪಾಯಿತು.

ಅದು 1926ರ ಮಾತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೆಂಗಸರಿಗೆ ಮತದಾನದ ಹಕ್ಕು ಕೊಡಲು ಆ ಪ್ರಾಂತ್ಯ 1921ರಲ್ಲೇ ಒಪ್ಪಿತ್ತು, ಅದೂ ಗಂಡಸರಿಗಿದ್ದ ಷರತ್ತಿನ ಮೇಲೆಯೇ. ಕೇಳಲು ಚೆನ್ನಾಗಿದೆ. ಆದರೆ ಆ ಷರತ್ತು ಯಾವುದು? ಆಸ್ತಿ ಇರಬೇಕು, ಕಂದಾಯವನ್ನೋ ತೆರಿಗೆಯನ್ನೋ ಕಟ್ಟುತ್ತಿರಬೇಕು. ಗದ್ದೆಯಲ್ಲಿ ದುಡಿಯುವವಳು ಹೆಂಗಸು, ಪಟ್ಟೆ ಗಂಡಸಿನ ಹೆಸರಿಗೆ. ಹೀಗಾಗಿ ಕಾನೂನು ಒಪ್ಪಿದರೂ ಪಟ್ಟಿಯಲ್ಲಿ ಹೆಂಗಸರ ಹೆಸರು ಬಹಳ ಕಡಿಮೆ.

1926ರಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಲೂ ಬಹುದು ಎಂದಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಪ್ರಾಂತ್ಯದ ಶಾಸನ ಸಭೆಗೆ ನಿಂತೇಬಿಟ್ಟರು. ವಯಸ್ಸು ಇಪ್ಪತ್ತಮೂರು. ಒತ್ತಾಯ ಮಾಡಿ ನಿಲ್ಲಿಸಿದವರು ಐರ್ಲೆಂಡಿನಿಂದ ಬಂದು ಇಲ್ಲಿ ಹೆಂಗಸರ ಹಕ್ಕಿಗೆ ದುಡಿಯುತ್ತಿದ್ದ ಮಾರ್ಗರೆಟ್ ಕಸಿನ್ಸ್. ಪ್ರಚಾರಕ್ಕೆ ಸಿಕ್ಕ ಸಮಯ ಕಡಿಮೆ.

ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದರ ಬಿಸಿ ಕಮಲಾದೇವಿಗೆ ಮನೆಯಲ್ಲೇ ತಟ್ಟಿತ್ತು. ಅವರಿಗೆ ಏಳು ವರ್ಷವಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ತಂದೆಯ ಮೊದಲ ಮದುವೆಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ಜೀವನಾಂಶ ಮಾತ್ರ. ಆಕೆ ಅದನ್ನೂ ಬೇಡವೆಂದು, ತವರಿನಿಂದ ಬಂದದ್ದರಲ್ಲೇ ಹೆಣ್ಣುಮಕ್ಕಳನ್ನು ಬೆಳೆಸಿದರು.

ಕಮಲಾದೇವಿ ಸೋತರು, ತೀರಾ ಕಡಿಮೆ ಮತಗಳ ಅಂತರದಲ್ಲಿ. ಹೆಸರು ಪಟ್ಟಿಗೆ ಸೇರಿರದ ಹೆಂಗಸರಲ್ಲಿ ಒಂದಿಷ್ಟು ಮಂದಿಗೆ ಓಟಿದ್ದಿದ್ದರೆ? ನನಗಂತೂ ಇದೇ ಪ್ರಶ್ನೆ ಕಾಡುತ್ತದೆ.

ಆ ಚುನಾವಣೆಯಲ್ಲಿ ಹೆಚ್ಚು ಸ್ಥಾನ ಗೆದ್ದ ಸ್ವರಾಜ್ ಪಕ್ಷ ಮಂತ್ರಿಮಂಡಲ ರಚಿಸಲು ಒಪ್ಪಲಿಲ್ಲ, ಪಿ. ಸುಬ್ಬರಾಯನ್ ಮುಖ್ಯಮಂತ್ರಿಯಾದರು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಸರ್ಕಾರವೇ ಸಭೆಗೆ ನಾಮಕರಣ ಮಾಡಿತು. ಸಭೆ ಅವರನ್ನು ಉಪಾಧ್ಯಕ್ಷರನ್ನಾಗಿ ಆರಿಸಿತು. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವ ಪದ್ಧತಿಯ ವಿರುದ್ಧ ಅವರು ಅಲ್ಲಿ ಎತ್ತಿದ ದನಿ ಚಿಕ್ಕದಲ್ಲ. ಆದರೂ ನಾಮಕರಣವೇ ಬೇರೆ, ಜನರ ಓಟಿನಿಂದ ಗೆದ್ದು ಬರುವುದೇ ಬೇರೆ. ಸೋತ ಕಮಲಾದೇವಿಯೂ ಸುಮ್ಮನೆ ಕೂರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ಸಹಕಾರ ಒಕ್ಕೂಟ ಕಟ್ಟಿ, ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರ ಜೊತೆ ದುಡಿದರು. ಕರಕುಶಲದ ಕಮಲಾದೇವಿ ಎಲ್ಲರಿಗೂ ಗೊತ್ತು, ಸಹಕಾರಿ ಕಮಲಾದೇವಿ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

ಈಗ ನಮ್ಮ ಡೇರಿಗೆ ಬರೋಣ. "ಮನೆಗೊಂದು ಹೆಸರು ಸಾಕಲ್ಲ, ಬಟವಾಡೆ ಹಣ ಬರುವುದು ಅದೇ ಮನೆಗೆ ತಾನೆ" ಎನ್ನುವವರಿದ್ದಾರೆ. ಹಣ ಬರುತ್ತದೆ ನಿಜ. ಆದರೆ ಫ್ಯಾಟ್ ಯಂತ್ರ ಸರಿಯಿದೆಯೇ, ಬೋನಸ್ ಹೇಗೆ ಹಂಚಬೇಕು, ಪಶು ಆಹಾರ ಸಮಯಕ್ಕೆ ಬಂತೇ ಎಂದು ಕೇಳಬೇಕಾದ್ದು ಆಡಳಿತ ಮಂಡಳಿ. ದಿನಾ ಕ್ಯಾನ್ ಹಿಡಿದು ನಿಲ್ಲುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಮಂಡಳಿಯನ್ನು ಆರಿಸುವ ಓಟು ಮಾತ್ರ ಅವರಿಗಿಲ್ಲ. ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನವೇನೋ ಇದೆ. ಅಲ್ಲೂ ಕೆಲವು ಕಡೆ ಹೆಸರು ಹೆಂಡತಿಯದು, ಸಭೆಯಲ್ಲಿ ಮಾತು ಗಂಡನದು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಷೇರು ವರ್ಗಾವಣೆ ಎಂದರೆ ಕೆಲವು ಮನೆಗಳಲ್ಲಿ ಜಗಳ ಏಳುತ್ತದೆ, ಅದೂ ಗೊತ್ತು. ಹಾಗಾಗಿ ಇದನ್ನು ಹೆಂಗಸರ ತಲೆಗೇ ಕಟ್ಟಬಾರದು. ಹೊಸ ಸದಸ್ಯತ್ವದ ಅರ್ಜಿ ಕೊಡುವಾಗ "ಹಾಲು ಹಾಕುವವರು ಯಾರು?" ಎಂದು ಕಾರ್ಯದರ್ಶಿಯೇ ಮೊದಲು ಕೇಳಲಿ, ಅವರ ಹೆಸರನ್ನೇ ಬರೆಯಲಿ. ಒಕ್ಕೂಟವೂ ಇದನ್ನು ಸಂಘಗಳಿಗೆ ಸೂಚಿಸಲಿ.

ಪಕ್ಕದ ಮನೆಯ ಅಕ್ಕ ಹೋದ ತಿಂಗಳು ಅರ್ಜಿ ಕೊಟ್ಟಿದ್ದಾರೆ, ಗಂಡನೂ ಸಹಿ ಹಾಕಿದ್ದಾರೆ. ಮುಂದಿನ ಮಂಡಳಿ ಸಭೆಯಲ್ಲಿ ಅದು ಚರ್ಚೆಗೆ ಬರಬೇಕು.