ಹಳೆಯ ಗ್ಯಾಲಕ್ಟಿಕಾ, ಹೊಸ ಗ್ಯಾಲಕ್ಟಿಕಾ: ಒಂದು ಮೌಲ್ಯಮಾಪನ

ಒಂದು ಕಥೆಯನ್ನು ಎರಡನೆಯ ಬಾರಿ ಹೇಳಿದಾಗ ಕೇಳುಗರಲ್ಲಿ ಎರಡು ಪಂಗಡಗಳಾಗುವುದು ಹೊಸತೇನಲ್ಲ. ಮೊದಲು ಕೇಳಿದವರಿಗೆ ಮೊದಲಿನದೇ ಪ್ರಮಾಣ. ತಡವಾಗಿ ಬಂದವರಿಗೆ ಎರಡನೆಯದೇ ಕಥೆ. ಅಮೆರಿಕದ ಟಿ.ವಿ.ಯಲ್ಲಿ ಇಂಥದೊಂದು ವ್ಯಾಜ್ಯ ಬಹುಕಾಲ ನಡೆಯಿತು. ಅದು 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ವೈಜ್ಞಾನಿಕ ಕಥಾ ಧಾರಾವಾಹಿಯದು. ನಿವೃತ್ತನಾದ ಹಳ್ಳಿಯ ಮೇಷ್ಟರಿಗೂ ಆಕಾಶನೌಕೆಗಳ ಕಥೆಗೂ ಎಲ್ಲಿಯ ಸಂಬಂಧವೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಸ್ವಲ್ಪ ತಾಳ್ಮೆಯಿಂದ ಓದಿದರೆ ಸಂಬಂಧ ತಾನಾಗಿ ತಿಳಿಯುತ್ತದೆ.

ಮೊದಲು ಹಳೆಯದರ ವಿಚಾರ. ಗ್ಲೆನ್ ಲಾರ್ಸನ್ ಎಂಬುವರು ರೂಪಿಸಿದ ಈ ಧಾರಾವಾಹಿ 1978ರ ಸೆಪ್ಟೆಂಬರ್ 17ರ ಭಾನುವಾರ ಎ.ಬಿ.ಸಿ. ವಾಹಿನಿಯಲ್ಲಿ ಆರಂಭವಾಯಿತು. ಸಾವಿರ ವರ್ಷ ಕಾದಾಡಿದ ಮನುಷ್ಯರಿಗೂ ಸೈಲಾನ್ ಎಂಬ ಯಂತ್ರಜೀವಿಗಳಿಗೂ ಶಾಂತಿ ಒಪ್ಪಂದವಾಗಬೇಕಾದ ಗಳಿಗೆಯಲ್ಲಿ, ಬಾಲ್ಟಾರ್ ಎಂಬ ದ್ರೋಹಿಯ ಸಹಾಯದಿಂದ ಸೈಲಾನರು ಮನುಷ್ಯರ ಹನ್ನೆರಡು ಲೋಕಗಳನ್ನೂ ಸುಟ್ಟು ಬೂದಿ ಮಾಡುತ್ತಾರೆ. ಉಳಿದವರನ್ನು ಇನ್ನೂರ ಇಪ್ಪತ್ತು ಹಡಗುಗಳಲ್ಲಿ ತುಂಬಿಕೊಂಡು, ಗ್ಯಾಲಕ್ಟಿಕಾ ಎಂಬ ಯುದ್ಧನೌಕೆಯ ನಾಯಕ ಅಡಾಮಾ 'ಭೂಮಿ' ಎಂಬ ಕಳೆದುಹೋದ ನೆಲೆಯನ್ನು ಅರಸಿ ಹೊರಡುತ್ತಾನೆ. ಒಂದು ಸ್ವಾರಸ್ಯವಿದೆ. ಶಾಂತಿಯ ಮಾತನ್ನು ನಂಬಿ ಕೆಟ್ಟವರ ಈ ಕಥೆ ಪ್ರಸಾರವಾಗುತ್ತಿದ್ದ ಆ ಮೊದಲ ರಾತ್ರಿಯೇ, ಕಾರ್ಯಕ್ರಮವನ್ನು ನಡುವೆ ನಿಲ್ಲಿಸಿ, ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಕ್ಯಾಂಪ್ ಡೇವಿಡ್ ಒಪ್ಪಂದದ ಸುದ್ದಿಯನ್ನು ತೋರಿಸಬೇಕಾಯಿತು. ಕಥೆಯ ಒಪ್ಪಂದ ಮೋಸವಾಗಿತ್ತು. ವಾಸ್ತವದ ಒಪ್ಪಂದ ಮರುವರ್ಷ ಶಾಂತಿ ಕರಾರಾಗಿ ಆ ಎರಡು ದೇಶಗಳ ನಡುವೆ ಇಂದಿಗೂ ಉಳಿದಿದೆ. ಸಮಾಜ ವಿಜ್ಞಾನ ಬೋಧಿಸಿದವನಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಖರ್ಚು ಹೆಚ್ಚು, ನೋಡುಗರ ಸಂಖ್ಯೆ ನಿರೀಕ್ಷಿಸಿದಷ್ಟಿಲ್ಲ ಎಂಬ ಕಾರಣಕ್ಕೆ ಇಪ್ಪತ್ತನಾಲ್ಕು ಕಂತುಗಳಿಗೇ, 1979ರ ಏಪ್ರಿಲ್‌ನಲ್ಲಿ, ಅದು ಮುಗಿದುಹೋಯಿತು. ಮುಗಿಯಿತು ಎನ್ನುವುದಕ್ಕಿಂತ ನಿಂತುಹೋಯಿತು ಎನ್ನಬೇಕು. ಏಕೆಂದರೆ ನೌಕೆ ಇನ್ನೂ ದಾರಿಯಲ್ಲಿಯೇ ಇತ್ತು. ಮುಂದಿನ ವರ್ಷ 'ಗ್ಯಾಲಕ್ಟಿಕಾ 1980' ಎಂಬ ಹೆಸರಿನಲ್ಲಿ ಬಂದ ಹತ್ತು ಕಂತುಗಳು ಭೂಮಿಯನ್ನೇನೋ ತಲುಪಿದವು, ಆದರೆ ಅಭಿಮಾನಿಗಳ ಮನಸ್ಸನ್ನು ತಲುಪಲಿಲ್ಲ.

ಇಪ್ಪತ್ತೈದು ವರ್ಷಗಳ ನಂತರ, 2003ರ ಡಿಸೆಂಬರ್‌ನಲ್ಲಿ, ರೊನಾಲ್ಡ್ ಮೂರ್ ಎಂಬ ಬರಹಗಾರರು ಅದೇ ಹೆಸರು, ಅದೇ ನೌಕೆ, ಅದೇ ಪಾತ್ರನಾಮಗಳನ್ನಿಟ್ಟುಕೊಂಡು ಕಥೆಯನ್ನು ಮೊದಲಿನಿಂದ ಹೇಳಿದರು. ಕಿರುಸರಣಿಯಾಗಿ ಬಂದದ್ದು ಮರುವರ್ಷ ಧಾರಾವಾಹಿಯಾಗಿ ಬೆಳೆದು, 2009ರ ಮಾರ್ಚ್‌ವರೆಗೆ ನಡೆಯಿತು. ಇಲ್ಲಿ ಸೈಲಾನರು ಹೊರಗಿನಿಂದ ಬಂದ ಶತ್ರುಗಳಲ್ಲ. ಮನುಷ್ಯನೇ ತನ್ನ ಊಳಿಗಕ್ಕೆಂದು ಮಾಡಿಕೊಂಡ ಯಂತ್ರಗಳು. ಅವು ದಂಗೆಯೆದ್ದವು, ಈಗ ಮನುಷ್ಯರೂಪವನ್ನೇ ತಾಳಿ ಮನುಷ್ಯರ ನಡುವೆ ಓಡಾಡುತ್ತಿವೆ. ಪಕ್ಕದಲ್ಲಿ ಕುಳಿತು ಊಟ ಮಾಡುತ್ತಿರುವವನು ಯಾರೆಂದು ಹೇಳುವುದಕ್ಕಾಗುವುದಿಲ್ಲ.

ನನ್ನನ್ನು ಈ ವ್ಯಾಜ್ಯಕ್ಕೆ ಎಳೆದವರು ನಮ್ಮ ಮನೆಯವರೇ. ನಮ್ಮ ದೊಡ್ಡಪ್ಪನ ಮಗ ಎಪ್ಪತ್ತರ ದಶಕದಲ್ಲಿಯೇ ಅಮೆರಿಕಕ್ಕೆ ಹೋದವರು. ಅವರ ಮಗ 1978ರಲ್ಲಿ ಎಂಟು ವರ್ಷದ ಹುಡುಗ. ಭಾನುವಾರ ಸಂಜೆ ಹಳೆಯ ಗ್ಯಾಲಕ್ಟಿಕಾ ನೋಡುತ್ತಾ ಬೆಳೆದವನು. ಅವನ ಮಗಳು ಹೊಸದನ್ನು ಮಾತ್ರ ಒಪ್ಪುವವಳು. ಅಪ್ಪ ಮಗಳು ಇಬ್ಬರೂ ಊರಿಗೆ ಬಂದಾಗ ಎರಡನ್ನೂ ನನಗೆ ತೋರಿಸಿ, "ಚಿಕ್ಕಪ್ಪ, ನೀವು ಮೇಷ್ಟರು, ನೀವೇ ಅಂಕ ಹಾಕಿ" ಎಂದು ಅವನೂ, "ತಾತ, ಪಕ್ಷಪಾತ ಮಾಡಬೇಡಿ" ಎಂದು ಅವಳೂ ಪಟ್ಟು ಹಿಡಿದರು.

ಹಳೆಯ ಪಕ್ಷದವರ ಆಕ್ಷೇಪಗಳು ಹೀಗಿವೆ. ಹೊಸದು 'ಹೆಸರಿಗೆ ಮಾತ್ರ ಗ್ಯಾಲಕ್ಟಿಕಾ'. ಅದರಲ್ಲಿ ನಗುವಿಲ್ಲ, ಬೆಳಕಿಲ್ಲ, ನಂಬುವುದಕ್ಕೆ ಒಬ್ಬ ನಾಯಕನಿಲ್ಲ. ಸಿಗಾರು ಸೇದುತ್ತ ಜೂಜಾಡುವ ಸ್ಟಾರ್‌ಬಕ್ ಎಂಬ ಹಸನ್ಮುಖಿ ವೀರನನ್ನು ಹೊಸದರಲ್ಲಿ ಹೆಣ್ಣಾಗಿ ಮಾಡಿದ್ದಾರೆ. ಮೊದಲ ಸ್ಟಾರ್‌ಬಕ್ ಆಗಿದ್ದ ಡರ್ಕ್ ಬೆನೆಡಿಕ್ಟ್ 2004ರಲ್ಲಿ ಇದರ ವಿರುದ್ಧ ಕಟುವಾದ ಲೇಖನವನ್ನೇ ಬರೆದರು. ಹೊಸ ಪಕ್ಷದವರ ಉತ್ತರವೂ ಅಷ್ಟೇ ಖಾರವಾಗಿದೆ: ಹಳೆಯದು ಮಕ್ಕಳಾಟಿಕೆ; 'ಸ್ಟಾರ್ ವಾರ್ಸ್' ಚಿತ್ರದ ನೆರಳು; ಯಂತ್ರದ ನಾಯಿಮರಿಯನ್ನಿಟ್ಟುಕೊಂಡು ಸರ್ವನಾಶದ ಕಥೆ ಹೇಳಲು ಹೊರಟವರನ್ನು ಯಾರು ಗಂಭೀರವಾಗಿ ತೆಗೆದುಕೊಂಡಾರು?

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನ ಮಾತೊಂದಿದೆ. ಎರಡು ಬೇರೆ ಪ್ರಶ್ನೆಗಳಿಗೆ ಬರೆದ ಉತ್ತರಗಳನ್ನು ಒಂದೇ ಮಾದರಿ ಉತ್ತರವನ್ನಿಟ್ಟುಕೊಂಡು ತಿದ್ದಬಾರದು. ಹಳೆಯ ಗ್ಯಾಲಕ್ಟಿಕಾ ಎತ್ತಿಕೊಂಡ ಪ್ರಶ್ನೆ, 'ಮನೆಮಠ ಕಳೆದುಕೊಂಡವರು ಧೈರ್ಯಗೆಡದೆ ಹೇಗೆ ಬಾಳಬೇಕು?' ಎಂಬುದು. ಅದಕ್ಕೆ ಅದು ಕೊಟ್ಟ ಉತ್ತರ, ಕುಟುಂಬ. ಲಾರ್ನ್ ಗ್ರೀನ್ ಅಭಿನಯಿಸಿದ ಅಡಾಮಾ ಮನೆಯ ಯಜಮಾನನಂತೆ ಇಡೀ ಜನಾಂಗವನ್ನು ಸಲಹುತ್ತಾನೆ. ಹೊಸದು ಕೇಳುವ ಪ್ರಶ್ನೆ ಇನ್ನಷ್ಟು ನಿಷ್ಠುರವಾದದ್ದು: 'ಉಳಿದಿದ್ದೇವೆ ಸರಿ, ಆದರೆ ಉಳಿಯುವುದಕ್ಕೆ ನಾವು ಯೋಗ್ಯರೇ?' ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅವರ ಅಡಾಮಾ ಮೊದಲ ಭಾಗದಲ್ಲಿಯೇ, ಬರೆದಿಟ್ಟ ಭಾಷಣವನ್ನು ಬದಿಗಿಟ್ಟು, ಈ ಅರ್ಥದ ಮಾತನ್ನು ಆಡಿಬಿಡುತ್ತಾನೆ. ಮುಂದಿನ ಕಂತುಗಳೆಲ್ಲ ಆ ಪ್ರಶ್ನೆಯ ಉತ್ತರಕ್ಕಾಗಿ ನಡೆಸಿದ ಹುಡುಕಾಟವೇ ಆಗಿವೆ.

ಕಾಲವೂ ಬೇರೆಯಾಗಿತ್ತು. 2001ರ ಸೆಪ್ಟೆಂಬರ್‌ನ ದಾಳಿಯ ನಂತರ, ಇರಾಕ್ ಯುದ್ಧ ನಡೆಯುತ್ತಿದ್ದಾಗ ಬಂದ ಕಥೆಯಿದು. ಸೆರೆಸಿಕ್ಕ ಸೈಲಾನನನ್ನು ಮನುಷ್ಯರು ಚಿತ್ರಹಿಂಸೆಗೆ ಗುರಿಮಾಡುತ್ತಾರೆ. 2006ರಲ್ಲಿ ಬಂದ ಕಂತುಗಳಲ್ಲಿ ಸೈಲಾನರ ಆಕ್ರಮಣಕ್ಕೆ ಸಿಕ್ಕಿದ ಊರಿನ ಮನುಷ್ಯರೇ ಮೈಗೆ ಬಾಂಬು ಕಟ್ಟಿಕೊಂಡು ಸಾಯುತ್ತಾರೆ, ಸಾಯಿಸುತ್ತಾರೆ. ಅಂದಿನ ಅಮೆರಿಕದ ಪ್ರೇಕ್ಷಕನನ್ನು ಎದುರಾಳಿಯ ಸ್ಥಾನದಲ್ಲಿ ಕೂರಿಸಿ ನೋಡೆಂದು ಹೇಳುವುದಕ್ಕೆ ಎದೆಗಾರಿಕೆ ಬೇಕು. 2009ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಈ ಧಾರಾವಾಹಿಯ ಕಲಾವಿದರನ್ನೂ ನಿರ್ಮಾಪಕರನ್ನೂ ಕರೆಸಿ ಚರ್ಚೆ ನಡೆಸಿದ್ದು ಸುಮ್ಮನೆ ಅಲ್ಲ.

ಇಷ್ಟಾದರೂ ಎರಡಕ್ಕೂ ಸಮಾನವಾದ ಒಂದು ಪ್ರಶ್ನೆಯಂತೂ ಇದ್ದೇ ಇದೆ: ಸತ್ತವರನ್ನು ಹೇಗೆ ನೆನೆಯಬೇಕು? ಇಲ್ಲಿ ನನ್ನ ಅಂಕ ಹೊಸದಕ್ಕೆ. ಹಳೆಯದರ ಮೊದಲ ಕಥಾಭಾಗದಲ್ಲಿಯೇ, ಲೋಕಗಳೆಲ್ಲ ನಾಶವಾದ ಸ್ವಲ್ಪ ಕಾಲಕ್ಕೆ, ನಮ್ಮವರು ಒಂದು ಗ್ರಹದ ಜೂಜುಕಟ್ಟೆಯಲ್ಲಿ ಹಾಡು ಕುಣಿತಗಳ ನಡುವೆ ಇರುತ್ತಾರೆ. ಸೂತಕ ಕಳೆಯುವ ಮೊದಲೇ ಜಾತ್ರೆ! ಹೊಸದರಲ್ಲಿ ಅಧ್ಯಕ್ಷೆಯ ಕೋಣೆಯಲ್ಲಿ ಒಂದು ಬಿಳಿಯ ಹಲಗೆಯಿದೆ. ಬದುಕುಳಿದವರ ಸಂಖ್ಯೆಯನ್ನು ಅದರ ಮೇಲೆ ಬರೆದಿಟ್ಟಿದ್ದಾರೆ. ಐವತ್ತು ಸಾವಿರದ ಆಸುಪಾಸು. '33' ಎಂಬ ಕಂತಿನಲ್ಲಿ ಶತ್ರುಗಳು ಮೂವತ್ತಮೂರು ನಿಮಿಷಕ್ಕೊಮ್ಮೆ ಎರಗುತ್ತಾರೆ. ಐದು ದಿನ ಯಾರಿಗೂ ನಿದ್ರೆಯಿಲ್ಲ. ಕೊನೆಗೆ, ಸಾವಿರಕ್ಕೂ ಹೆಚ್ಚು ಜನರಿರಬಹುದಾದ ತಮ್ಮದೇ ಒಂದು ಹಡಗನ್ನು ತಾವೇ ಉರುಳಿಸಬೇಕಾಗುತ್ತದೆ. ಹಲಗೆಯ ಮೇಲಿನ ಸಂಖ್ಯೆ ಇಳಿಯುತ್ತದೆ. ಕಂತಿನ ಕೊನೆಯಲ್ಲಿ ಒಂದು ಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಎದ್ದುಹೋಗಿ ಸಂಖ್ಯೆಗೆ ಒಂದನ್ನು ಕೂಡಿಸುತ್ತಾಳೆ. ಪ್ರತಿದಿನ ಬೆಳಿಗ್ಗೆ ಹಾಜರಿ ಕೂಗಿ, ಹಾಜರಾದವರ ಸಂಖ್ಯೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದ ಯಾವ ಮೇಷ್ಟರಿಗಾದರೂ ಆ ದೃಶ್ಯವನ್ನು ನೋಡಿದಾಗ ಗಂಟಲು ಕಟ್ಟುತ್ತದೆ. ಸಂಖ್ಯೆಯೆಂದರೆ ಮುಖಗಳು ಎಂಬುದು ನಮಗೆ ತಿಳಿದಿರುವಷ್ಟು ಸಚಿವಾಲಯದವರಿಗೆ ತಿಳಿಯದು.

ಆ ಅಧ್ಯಕ್ಷೆಯ ವಿಚಾರ ಬಂದದ್ದರಿಂದ ಹೇಳಲೇಬೇಕು. ಮೇರಿ ಮೆಕ್‌ಡೊನೆಲ್ ಅಭಿನಯಿಸಿದ ಲಾರಾ ರೋಸ್ಲಿನ್ ಮೂಲತಃ ಶಾಲಾ ಶಿಕ್ಷಕಿ. ಆಮೇಲೆ ಶಿಕ್ಷಣ ಮಂತ್ರಿ. ಅಧಿಕಾರದ ಸಾಲಿನಲ್ಲಿ ನಲವತ್ತಮೂರನೆಯವಳು. ಮುಂದಿನ ನಲವತ್ತೆರಡು ಜನರೂ ಸತ್ತ ಕಾರಣ ದೇಶವಿಲ್ಲದ ಜನಾಂಗದ ಅಧ್ಯಕ್ಷೆಯಾಗುತ್ತಾಳೆ. ಸೈನ್ಯದವರು ಅವಳನ್ನು 'ಟೀಚರ್' ಎಂದು ಹಗುರವಾಗಿ ಕಾಣುತ್ತಾರೆ. ಆದರೆ, ಯುದ್ಧ ಮುಗಿದುಹೋಯಿತು, ನಾವು ಸೋತಿದ್ದೇವೆ, ಉಳಿದವರನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಮೊದಲು ಕಾಣುವವಳು ಅವಳೇ. ಅವಳನ್ನು ದೇವತೆಯನ್ನಾಗಿ ಮಾಡಿಲ್ಲ ಎಂಬುದು ಕಥೆಯ ಪ್ರಾಮಾಣಿಕತೆ. ಒಮ್ಮೆ ಸೋಲುವ ಭಯದಿಂದ ಚುನಾವಣೆಯ ಎಣಿಕೆಯಲ್ಲಿ ಮೋಸಕ್ಕೆ ಒಪ್ಪುತ್ತಾಳೆ. ಅಡಾಮಾ ಪ್ರಶ್ನಿಸಿದಾಗ ಫಲಿತಾಂಶವನ್ನು ಒಪ್ಪಿ ಕುರ್ಚಿ ಬಿಡುತ್ತಾಳೆ. ಬಿಟ್ಟು ಮಾಡುವುದೇನು? ಹೊಸ ನೆಲೆಯಲ್ಲಿ ಗುಡಾರದೊಳಗೆ ಮಕ್ಕಳಿಗೆ ಪಾಠ ಹೇಳುತ್ತಾಳೆ. ನಮ್ಮ ವೃತ್ತಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಪರದೆಯ ಮೇಲೆ ಕಂಡದ್ದು ವಿರಳ.

ಹಾಗೆಂದು ಹಳೆಯ ಪಕ್ಷದವರ ವಾದವನ್ನೆಲ್ಲ ತಳ್ಳಿಹಾಕುವುದು ನ್ಯಾಯವಲ್ಲ. ಕತ್ತಲೆಯನ್ನು ಹೆಚ್ಚು ತೋರಿಸಿದ ಮಾತ್ರಕ್ಕೆ ಸತ್ಯ ಹೆಚ್ಚಾಗುವುದಿಲ್ಲ. ಎಂಟು ವರ್ಷದ ಮಗುವಿನ ಪಕ್ಕದಲ್ಲಿ ಅಪ್ಪ ಅಮ್ಮ ಕುಳಿತು ನೋಡಬಹುದಾದ ಕಥೆಗೆ ತನ್ನದೇ ಬೆಲೆಯಿದೆ. ಹೊಸದನ್ನು ಹಾಗೆ ನೋಡಲಾಗದು. ಎರಡನೆಯದಾಗಿ, 1978ರಲ್ಲಿಯೇ ಹಳೆಯದು ಕರ್ನಲ್ ಟೈ ಮತ್ತು ಬೂಮರ್ ಎಂಬ ಎರಡು ಮುಖ್ಯ ಪಾತ್ರಗಳನ್ನು ಕರಿಯ ಜನಾಂಗದ ನಟರಾದ ಟೆರ್ರಿ ಕಾರ್ಟರ್ ಮತ್ತು ಹರ್ಬ್ ಜೆಫರ್ಸನ್ ಅವರಿಗೆ ಕೊಟ್ಟಿತ್ತು. ಹೊಸದರಲ್ಲಿ ಆ ಎರಡೂ ಪಾತ್ರಗಳು ಬೇರೆಯವರ ಪಾಲಾದವು. ಸ್ಟಾರ್‌ಬಕ್ ಹೆಣ್ಣಾದಳೆಂದು ಗದ್ದಲವೆಬ್ಬಿಸಿದವರಲ್ಲಿ ಹೆಚ್ಚಿನವರು ಇದನ್ನು ಗಮನಿಸಲೇ ಇಲ್ಲ. ಹೆಣ್ಣು ಸ್ಟಾರ್‌ಬಕ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕೇಟೀ ಸ್ಯಾಕಾಫ್ ಆ ಪಾತ್ರಕ್ಕೆ ತುಂಬಿದ ಕಿಚ್ಚು, ನೋವು ಎರಡೂ ನಿಜವಾದವು.

ಮೂರನೆಯದು ಹೊಸದರ ಮುಕ್ತಾಯ. ನಮ್ಮ ಭೂಮಿಯನ್ನು, ಒಂದೂವರೆ ಲಕ್ಷ ವರ್ಷಗಳ ಹಿಂದೆ, ತಲುಪಿದ ಮೇಲೆ ಅವರು ಹಡಗುಗಳನ್ನೆಲ್ಲ ಸೂರ್ಯನ ಕಡೆಗೆ ಅಟ್ಟಿ, ಯಂತ್ರವಿದ್ಯೆಯನ್ನು ತೊರೆದು, ಬರಿಗೈಯಲ್ಲಿ ಹೊಸ ಬಾಳನ್ನು ಆರಂಭಿಸುತ್ತಾರೆ. ನೋಡುವುದಕ್ಕೆ ವೈರಾಗ್ಯದಂತೆ ಕಾಣುತ್ತದೆ. ಆದರೆ ಔಷಧ, ಅಕ್ಷರ, ಅನುಭವಗಳನ್ನು ಬಿಟ್ಟುಕೊಟ್ಟ ಜನಾಂಗ ಮುಂದಿನ ಮಕ್ಕಳಿಗೆ ತನ್ನ ತಪ್ಪುಗಳನ್ನು ಹೇಗೆ ತಿಳಿಸೀತು? ತಿಳಿಸದಿದ್ದರೆ ಆ ತಪ್ಪುಗಳೇ ಮರಳಿ ಬರುತ್ತವೆ. ಕಾಲಚಕ್ರ ಮತ್ತೆ ಮತ್ತೆ ಉರುಳುತ್ತದೆ ಎಂಬ ಭಾವನೆ ಆ ಕಥೆಯ ಉದ್ದಕ್ಕೂ ಇದೆ. ಚಕ್ರವನ್ನು ತಡೆಯಬಲ್ಲದ್ದು ನೆನಪು. ಅದನ್ನು ದಾಟಿಸುವವನು ಶಿಕ್ಷಕ. ಗುಡಾರದಲ್ಲಿ ಪಾಠ ಹೇಳಿದ ಶಿಕ್ಷಕಿಯ ಕಥೆ ಪುಸ್ತಕವನ್ನು ಸುಡುವವರ ಕಡೆಗೆ ವಾಲಿದ್ದು ನನಗೆ ಸರಿಕಾಣಲಿಲ್ಲ. ಈ ಅಂಕಗಳನ್ನು ಕಳೆಯಲೇಬೇಕಾಯಿತು.

ಮರುಕಥನದ ಈ ಜಗಳ ಕನ್ನಡಿಗರಿಗೆ ಹೊಸತೇ? ಹಳೆಯ ಗ್ಯಾಲಕ್ಟಿಕಾ ನಿಂತುಹೋದ 1979ರಲ್ಲಿಯೇ ಭೈರಪ್ಪನವರ 'ಪರ್ವ' ಬಂತು. ದೇವತೆಗಳೂ ಪವಾಡಗಳೂ ಇಲ್ಲದ ಮಹಾಭಾರತ. ಗದುಗಿನ ಭಾರತದ ವಾಚನ ಕೇಳಿ ಬೆಳೆದವರಿಗೆ ಇದೇನು ಭಾರತ ಎನ್ನಿಸಿದ್ದುಂಟು. ಆದರೆ 'ಪರ್ವ' ಓದಿದವರು ಕುಮಾರವ್ಯಾಸನನ್ನು ಮರೆಯಲಿಲ್ಲ. ಅನೇಕರು ಮರಳಿ ತೆರೆದು ಓದಿದರು. ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' ಬಂದದ್ದರಿಂದ ವಾಲ್ಮೀಕಿ ಚಿಕ್ಕವನಾಗಲಿಲ್ಲ. ಮೂಲ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿದರೆ ಮಾತ್ರ ಮರುಕಥನ ಸಾರ್ಥಕ; ಬರಿಯ ಬಣ್ಣ ಬಳಿದರೆ ಅದು ವ್ಯಾಪಾರ. ಈ ಅಳತೆಯಲ್ಲಿ ಹೊಸ ಗ್ಯಾಲಕ್ಟಿಕಾ ತೇರ್ಗಡೆಯಾಗುತ್ತದೆ, ಅದೂ ಮೊದಲ ದರ್ಜೆಯಲ್ಲಿ.

ಹೊಸದರ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರ ಕೇಳಿಬರುತ್ತದೆಯೆಂದು ನಮ್ಮವರು ಹಿಗ್ಗುವುದುಂಟು. ಹನ್ನೆರಡು ಲೋಕಗಳ ಹೆಸರುಗಳೂ ಹನ್ನೆರಡು ರಾಶಿಗಳಿಂದ ಬಂದವು. ಕ್ಯಾಪ್ರಿಕಾ ಎಂದರೆ ಮಕರ, ಜೆಮಿನಾನ್ ಎಂದರೆ ಮಿಥುನ. ಸಂತೋಷವೇ. ಆದರೆ ಕಥೆಯೊಳಗಿನ ಮನುಷ್ಯರು ಪೂಜಿಸುವುದು ಗ್ರೀಕರ ದೇವತೆಗಳನ್ನು. ಏಕದೇವರನ್ನು ನಂಬುವವರು ಸೈಲಾನರು. ಮಂತ್ರವೊಂದು ಕಿವಿಗೆ ಬಿದ್ದಿತೆಂದು ಕಥೆಯನ್ನೇ ನಮ್ಮದೆನ್ನುವುದು ಬೇಡ.

ಈ ವ್ಯಾಜ್ಯದಲ್ಲಿ ನನಗೆ ಅತ್ಯಂತ ಗೌರವ ಮೂಡಿಸಿದವರು ರಿಚರ್ಡ್ ಹ್ಯಾಚ್. ಹಳೆಯದರಲ್ಲಿ ಅಡಾಮಾನ ಮಗ ಅಪೊಲೊ ಆಗಿದ್ದವರು. ಹಳೆಯ ಕಥೆ ಮುಂದುವರಿಯಲೆಂದು ವರ್ಷಗಟ್ಟಲೆ ದುಡಿದು, 1999ರಲ್ಲಿ ಸ್ವಂತ ಹಣ ಹಾಕಿ ಒಂದು ಮಾದರಿ ತುಣುಕನ್ನೇ ತಯಾರಿಸಿದರು. ಅದು ಫಲಿಸಲಿಲ್ಲ. ಬಂದದ್ದು ಬೇರೆಯವರ ಹೊಸ ಕಥೆ. ಅಪೊಲೊ ಪಾತ್ರವೂ ಬೇರೊಬ್ಬರದು. ಮೊದಲು ಅವರು ವಿರೋಧಿಸಿದರು. ಆಮೇಲೆ ಮೂರ್ ಕರೆದಾಗ ಹೋಗಿ, ಟಾಮ್ ಜ಼ಾರೆಕ್ ಎಂಬ ರಾಜಕೀಯ ಕೈದಿಯ ಪಾತ್ರ ವಹಿಸಿ, ಹೊಸ ಅಪೊಲೊನ ಎದುರು ನಿಂತು ವಾದಿಸಿದರು. ಆ ಪಾತ್ರ ಧಾರಾವಾಹಿಯ ಕೊನೆಯ ಹಂತದವರೆಗೂ ಬೆಳೆಯಿತು. 2017ರಲ್ಲಿ ಅವರು ತೀರಿಕೊಂಡಾಗ ಎರಡೂ ಪಕ್ಷದವರು ಕಂಬನಿ ಮಿಡಿದರು. ತನ್ನದೆಂದು ಹಿಡಿದುಕೊಂಡಿದ್ದನ್ನು ಇನ್ನೊಬ್ಬರ ಕೈಯಲ್ಲಿ ಕಂಡೂ ಅದರೊಳಗೆ ತನ್ನ ಕೆಲಸವನ್ನು ಹುಡುಕಿಕೊಳ್ಳುವುದು ಸುಲಭವಲ್ಲ. ನಿವೃತ್ತರಾದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹೊಸ ಕಥೆ ಆರಂಭವಾಗುವಾಗ ಗ್ಯಾಲಕ್ಟಿಕಾ ವಸ್ತುಸಂಗ್ರಹಾಲಯವಾಗಲು ಸಿದ್ಧವಾಗಿರುತ್ತದೆ. ಹಳೆಯ ಧಾರಾವಾಹಿಯ ಸೈಲಾನ್ ಗೊಂಬೆಯೊಂದು ಗಾಜಿನ ಹಿಂದೆ ನಿಂತಿರುತ್ತದೆ. ಹಳೆಯ ಸಂಗೀತವೇ ರಾಷ್ಟ್ರಗೀತೆಯಾಗಿದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಅಡಾಮಾ ಒಪ್ಪದ ಕಾರಣ, ಹೊಸ ಹಡಗುಗಳೆಲ್ಲ ಶತ್ರುವಿನ ವಶವಾದಾಗ ಈ ಮುದಿ ನೌಕೆ ಉಳಿದುಕೊಳ್ಳುತ್ತದೆ. ಹೊಸದನ್ನು ಮಾಡಿದವರೇ ಹಳೆಯದಕ್ಕೆ ಸಲ್ಲಿಸಿದ ಋಣವಿದು. ಅಪ್ಪ ಮಗಳಿಬ್ಬರಿಗೂ ನಾನು ಹೇಳಿದ ತೀರ್ಪು ಇಷ್ಟೇ: ಅಂಕ ಹೊಸದಕ್ಕೆ ಹೆಚ್ಚು, ಆದರೆ ಹಳೆಯದನ್ನು ನೋಡದೆ ಹೊಸದನ್ನು ಹೊಗಳುವವರಿಗೆ ನನ್ನಲ್ಲಿ ಅಂಕವಿಲ್ಲ. ಅವಳು ಒಪ್ಪಿದಳು, ಅವನು ಇನ್ನೂ ಮರುಮೌಲ್ಯಮಾಪನ ಕೇಳುತ್ತಿದ್ದಾನೆ. ನೀವೇನೆನ್ನುವಿರಿ?