ಹಳೆಯ ಕೋವಿ ಸೀಸಕ್ಕೆ ನೆಪವಾಗಬಾರದು

ಹಕ್ಕಿ ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ಅಮೆರಿಕ, ಯುರೋಪುಗಳಲ್ಲಿ ಸೆಕೆಂಡ್ ಹ್ಯಾಂಡ್ ಸೆಮಿ ಆಟೋಮ್ಯಾಟಿಕ್ ಕೋವಿಗೆ ಗಿರಾಕಿಗಳು ಸದಾ ಇದ್ದಾರೆ. ಇಟಲಿಯ ಫ್ರಾಂಕಿ 48ಎಎಲ್‌ನಂಥ ಹಗುರ ಕೋವಿ ಮೂರು ಕಿಲೋ ಕೂಡ ತೂಗುವುದಿಲ್ಲ. ದಿನವಿಡೀ ಹೊತ್ತು ತಿರುಗಬಹುದು, ಬಿಡುವಿನಲ್ಲಿ ಕ್ಲೇ ಶೂಟಿಂಗ್‌ಗೂ, ಅಂದರೆ ಗಾಳಿಗೆ ಎಸೆದ ಬಿಲ್ಲೆಯನ್ನು ಹೊಡೆದು ಒಡೆಯುವ ಆಟಕ್ಕೂ, ಬಳಸಬಹುದು. ಚೆನ್ನಾಗಿ ನೋಡಿಕೊಂಡರೆ ಅಜ್ಜ ಕೊಂಡದ್ದು ಮೊಮ್ಮಗನ ಕಾಲಕ್ಕೂ ಬಾಳುತ್ತದೆ. ಈ ಬಾಳಿಕೆಯನ್ನೇ ಮುಂದಿಟ್ಟು ಅಲ್ಲಿನ ಅನೇಕ ಬೇಟೆಗಾರರು ಸೀಸದ ಚರೆಯ ನಿಷೇಧವನ್ನು ವಿರೋಧಿಸುತ್ತಾರೆ. ಹಳೆಯ ನಳಿಗೆಗೆ ಉಕ್ಕಿನ ಚರೆ ಆಗದು ಎಂಬುದು ಅವರ ವಾದ. ಅದರಲ್ಲಿ ಸತ್ಯಾಂಶವಿದೆ. ಆದರೆ ನೆಲಕ್ಕೂ ನೀರಿಗೂ ವಿಷ ಬೀಳುತ್ತಲೇ ಇರಲಿ ಎನ್ನಲು ಅಷ್ಟು ಸಾಲದು.

ಬಾತುಗಳು ಕಾಳು ಅರೆಯಲೆಂದು ಸಣ್ಣ ಕಲ್ಲು ನುಂಗುತ್ತವೆ. ಕೆರೆಯ ತಳದ ಚರೆಯೂ ಕಲ್ಲಿನ ಜೊತೆ ಹೊಟ್ಟೆ ಸೇರಿ, ಅಲ್ಲಿ ಸವೆದು ರಕ್ತಕ್ಕೆ ಸೀಸ ಇಳಿಸುತ್ತದೆ. ಎಂದೋ ಯಾರೋ ಹಾರಿಸಿ ಗುರಿ ತಪ್ಪಿದ ತೋಟಾ ಹೀಗೆ ಇಂದಿನ ಹಕ್ಕಿಯನ್ನು ಕೊಲ್ಲುತ್ತದೆ. ನೀರುಹಕ್ಕಿಗಳ ಬೇಟೆಗೆ ಸೀಸ ಬಳಸುವುದನ್ನು ಅಮೆರಿಕ 1991ರಲ್ಲಿ ದೇಶಾದ್ಯಂತ ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಮಿಸಿಸಿಪಿ ವಲಸೆ ಹಾದಿಯ ಮ್ಯಾಲಾರ್ಡ್ ಬಾತುಗಳಲ್ಲಿ ಸೀಸದ ವಿಷದಿಂದಾಗುವ ಸಾವು ಸುಮಾರು 64% ಇಳಿಯಿತೆಂದು ಸಂಶೋಧಕರು ಅಂದಾಜಿಸಿದರು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿ ನಿಷೇಧಿಸಿತು. ಅಲ್ಲಿ ಬೇಟೆಯೇನೂ ನಿಂತುಹೋಗಲಿಲ್ಲ. ಬ್ರಿಟನ್ನಿನಲ್ಲಿ ಬೇಟೆ ಸಂಘಟನೆಗಳು 2020ರಲ್ಲಿ, ಐದು ವರ್ಷದೊಳಗೆ ಸೀಸವನ್ನು ತಾವಾಗಿಯೇ ಬಿಡುವುದಾಗಿ ಹೇಳಿದವು. ಮುಂದಿನ ಋತುಗಳಲ್ಲಿ ಮಾರಾಟಕ್ಕೆ ಬಂದ ಫೆಸೆಂಟ್ ಹಕ್ಕಿಗಳನ್ನು ಕೇಂಬ್ರಿಡ್ಜ್ ಸಂಶೋಧಕರು ಪರೀಕ್ಷಿಸಿದಾಗ ಚರೆ ಸಿಕ್ಕವುಗಳಲ್ಲಿ ಬಹುಪಾಲು ಸೀಸಕ್ಕೇ ಬಲಿಯಾಗಿದ್ದವು. ಮಾತು ಕೊಟ್ಟವರ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ರೂಢಿಯಾದ ತೋಟಾ ಅಂಗಡಿಯಲ್ಲಿ ಸಿಗುವ ತನಕ ಕೈ ಅದರತ್ತಲೇ ಹೋಗುತ್ತದೆ. ಕಾನೂನು ಬೇಕಾಗುವುದು ಇದಕ್ಕೇ.

ಇನ್ನು ನಳಿಗೆಯ ವಿಚಾರ. ಬಾಯಿ ತೀರಾ ಕಿರಿದಾದ ಹಳೆಯ ನಳಿಗೆಯಲ್ಲಿ ಉಕ್ಕಿನ ಚರೆ ಸೀಸದಂತೆ ಅದುಮಿಕೊಳ್ಳುವುದಿಲ್ಲ, ನಳಿಗೆಯ ತುದಿ ಉಬ್ಬುವ ಅಪಾಯವಿದೆ. ಹಾಗಿರುವಲ್ಲಿ ಬಲ್ಲ ಕೋವಿ ರಿಪೇರಿಯವರಿಂದ ಬಾಯಿ ಅಗಲ ಮಾಡಿಸಬಹುದು, ಇಲ್ಲವೇ ಮೆದುವಾದ ಬಿಸ್ಮತ್ ಚರೆ ಬಳಸಬಹುದು. ಉಕ್ಕು ಸೀಸಕ್ಕಿಂತ ಹಗುರ ಎಂಬ ದೂರೂ ನಿಜ: ಸೀಸದ ಸಾಂದ್ರತೆ 11.3, ಉಕ್ಕಿನದು 7.9. ಚರೆಯ ಗಾತ್ರ ತುಸು ಹಿಗ್ಗಿಸಿ, ಹಕ್ಕಿ ಇನ್ನಷ್ಟು ಹತ್ತಿರ ಬರುವವರೆಗೆ ಕಾದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಬಿಸ್ಮತ್ ದುಬಾರಿ, ಒಪ್ಪೋಣ. ಋತುವಿಗೆ ಒಂದಷ್ಟೇ ತೋಟಾ ಹಾರಿಸುವ ಬೇಟೆಗಾರನಿಗೆ ಅದು ತಾಳಲಾರದ ಹೊರೆಯಲ್ಲ.

ಕ್ಲೇ ಶೂಟಿಂಗ್‌ನ ಲೆಕ್ಕ ಬೇರೆ. ರಾಜ್ಯವರ್ಧನ ಸಿಂಗ್ ರಾಠೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ ಇದೇ ಕುಟುಂಬದ ಆಟ. 24 ಗ್ರಾಂ ಚರೆಯ 25 ತೋಟಾ ಹಾರಿಸಿದರೆ ಒಬ್ಬನೇ 600 ಗ್ರಾಂ ಸೀಸವನ್ನು ಮೈದಾನಕ್ಕೆ ಚೆಲ್ಲಿದಂತಾಯಿತು. ಹಾರುವ ಬಿಲ್ಲೆಯನ್ನು ಒಡೆಯಲು ಉಕ್ಕಿನ ಚರೆ ಸಾಕು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಸೀಸಕ್ಕೆ ಕೊನೆಯ ದಿನಾಂಕ ಗೊತ್ತುಮಾಡಬೇಕು. ಹಳೆಯ ಕೋವಿ ಮಾರುವವರಂತೂ ಅದರ ನಳಿಗೆ ಉಕ್ಕಿನ ಚರೆಯನ್ನು ತಾಳುತ್ತದೆಯೇ ಎಂಬುದನ್ನು ಪರೀಕ್ಷೆ ಮಾಡಿಸಿ, ರಸೀದಿಯಲ್ಲೇ ಬರೆದುಕೊಡಬೇಕು.